ಹೊಳಿ ಬಂದಾಗ ಶಾಸಕರಿರಲಿಲ್ಲ

2019ರ ಆಗಸ್ಟ್ ಮೊದಲೆರಡು ವಾರ ಕೃಷ್ಣಾ ನದಿ ದಂಡೆ ಮೀರಿ ಹರಿಯಿತು. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ಬಿಟ್ಟ ನೀರು, ದೂಧಗಂಗಾ-ವೇದಗಂಗಾ ತಂದ ನೀರು, ಮೇಲಿಂದ ಬಿಡದೆ ಸುರಿದ ಮಳೆ ಎಲ್ಲ ಕೂಡಿ ಜುಗೂಳ, ಮಂಗಾವತಿ, ಶಹಾಪುರ, ಕೃಷ್ಣಾ ಕಿತ್ತೂರ, ಸತ್ತಿ, ದರೂರ, ಹುಲಗಬಾಳಿ, ಸಪ್ತಸಾಗರದಂಥ ಊರುಗಳಿಗೆ ನುಗ್ಗಿದವು. ಕುಡಚಿ-ಉಗಾರ ನಡುವಿನ ಸೇತುವೆ ಮುಳುಗಿತು. ದನಕರು ಹೊಡೆದುಕೊಂಡು, ಟ್ರ್ಯಾಕ್ಟರಿನಲ್ಲಿ ಕಾಳಿನ ಚೀಲ ಹೇರಿಕೊಂಡು ಜನ ಎತ್ತರದ ಊರು ಸೇರಿದರು. ಆ ಹೊತ್ತಿಗೆ ಅಥಣಿ ವಿಧಾನಸಭಾ ಕ್ಷೇತ್ರಕ್ಕೂ ಕಾಗವಾಡ ಕ್ಷೇತ್ರಕ್ಕೂ ಶಾಸಕರೇ ಇರಲಿಲ್ಲ. ಅಂದರೆ ಊರಿಗೆ ಬರಲಿಲ್ಲ, ಫೋನ್ ಎತ್ತಲಿಲ್ಲ ಎಂಬ ಅರ್ಥದಲ್ಲಲ್ಲ. ಕಾಗದದ ಮೇಲೆಯೇ ಇರಲಿಲ್ಲ. ಎರಡೂ ಸ್ಥಾನ ಖಾಲಿ ಎಂದು ವಿಧಾನಸಭೆಯ ದಾಖಲೆಯೇ ಹೇಳುತ್ತಿತ್ತು.

ನಾನು ಕಾಗವಾಡ ತಾಲ್ಲೂಕಿನ ಹೊಳಿದಂಡೆಯ ಊರಿನವನು. ಆಗ ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ರಾಜಕೀಯವೆಂದರೆ ಏನೆಂದು ನನಗೆ ಮೊದಲು ತಿಳಿದದ್ದು ಪುಸ್ತಕದಿಂದಲ್ಲ, ನೀರು ಇಳಿದ ಮೇಲೆ ನಡೆದ ಪಂಚನಾಮೆಯಿಂದ. ತಲಾಠಿಯವರು, ಎಂಜಿನಿಯರು ಮನೆ ಮನೆಗೆ ಬಂದು ಗೋಡೆ ನೋಡಿ, ಫೋಟೊ ಹೊಡೆದು ಎ, ಬಿ, ಸಿ ಎಂದು ದರ್ಜೆ ಬರೆದುಕೊಂಡು ಹೋಗುತ್ತಿದ್ದರು. ಎ ಎಂದು ಬರೆದರೆ ಮನೆ ಕಟ್ಟಲು 5 ಲಕ್ಷ ರೂಪಾಯಿ. ಸಿ ಎಂದು ಬರೆದರೆ 50 ಸಾವಿರ. ಒಂದು ಅಕ್ಷರದ ಮೇಲೆ ಒಂದು ಸಂಸಾರದ ಮುಂದಿನ ಹತ್ತು ವರ್ಷ ನಿಂತಿತ್ತು. ಮಣ್ಣಿನ ಗೋಡೆ ನೆನೆದು ಉಬ್ಬಿದೆ, ಇನ್ನೂ ಬಿದ್ದಿಲ್ಲ. ಇವತ್ತು ಬಂದು ನೋಡಿದರೆ ಸಿ, ಎಂಟು ದಿನ ಬಿಟ್ಟು ಬಂದರೆ ನೆಲಸಮವಾಗಿ ಎ. ನಮ್ಮ ಓಣಿಯ ಕಾಕಾ ಒಬ್ಬರು ಪಟ್ಟಿ ಹಿಡಿದು ಗ್ರಾಮ ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು, "ಇದನ್ನ ಯಾರಿಗಿ ಹೇಳಬೇಕೋ ತಮ್ಮಾ?" ಎಂದು ಕೇಳಿದ್ದರು. ಹೇಳಬೇಕಾದ ಮನುಷ್ಯ ಶಾಸಕ. ಅಧಿಕಾರಿಯನ್ನು ಕರೆದು ಮತ್ತೊಮ್ಮೆ ನೋಡಿ ಬನ್ನಿ ಎನ್ನಲು, ಸದನದಲ್ಲಿ ಎದ್ದು ನಿಂತು ಕೇಳಲು ನಾವು ಆರಿಸಿ ಕಳಿಸಿದವ. ಆ ಜಾಗವೇ ಖಾಲಿಯಾಗಿತ್ತು.

ಖಾಲಿ ಆದದ್ದು ಹೇಗೆ ಎಂಬುದನ್ನು ನನ್ನ ವಯಸ್ಸಿನವರು ಸರಿಯಾಗಿ ತಿಳಿದುಕೊಳ್ಳಬೇಕು. 2018ರ ಚುನಾವಣೆಯಲ್ಲಿ ಅಥಣಿಯಿಂದ ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿ ಗೆದ್ದರು, ಬಿಜೆಪಿಯ ಲಕ್ಷ್ಮಣ ಸವದಿ ಅವರನ್ನು 2,331 ಮತಗಳಿಂದ ಸೋಲಿಸಿ. ಕಾಗವಾಡದಿಂದ ಕಾಂಗ್ರೆಸ್ಸಿನ ಶ್ರೀಮಂತ ಪಾಟೀಲ ಗೆದ್ದರು, ಬಿಜೆಪಿಯ ರಾಜು ಕಾಗೆ ಅವರನ್ನು ಸೋಲಿಸಿ. ಮರುವರ್ಷ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರ ಬೀಳಿಸಿದ ಶಾಸಕರ ಗುಂಪಿನಲ್ಲಿ ಇಬ್ಬರೂ ಇದ್ದರು. ಸ್ಪೀಕರ್ ರಮೇಶ್ ಕುಮಾರ್ ಜುಲೈ 25ರಂದು ಮೂವರನ್ನು, 28ರಂದು ಹದಿನಾಲ್ವರನ್ನು ಅನರ್ಹಗೊಳಿಸಿದರು. ಒಟ್ಟು 17 ಮಂದಿಯಲ್ಲಿ ಅಥಣಿ, ಕಾಗವಾಡ, ಗೋಕಾಕ ಹೀಗೆ ಮೂವರು ನಮ್ಮ ಬೆಳಗಾವಿ ಜಿಲ್ಲೆಯವರೇ. ಅದಾಗಿ ವಾರ ಕಳೆಯುವುದರೊಳಗೆ ಹೊಳಿ ಬಂತು.

ಬೆಂಗಳೂರಿನಲ್ಲಿ ಆಗ ಸರ್ಕಾರವೆಂದರೆ ಒಬ್ಬರೇ. ಜುಲೈ 26ರಂದು ಪ್ರಮಾಣವಚನ ತೆಗೆದುಕೊಂಡ ಯಡಿಯೂರಪ್ಪನವರ ಸಂಪುಟಕ್ಕೆ ಮಂತ್ರಿಗಳು ಸೇರಿದ್ದು ಆಗಸ್ಟ್ 20ಕ್ಕೆ. ಅಷ್ಟೊತ್ತಿಗೆ ಕೃಷ್ಣೆ ಇಳಿದು ಮನೆಗಳಲ್ಲಿ ಕೆಸರು ಉಳಿದಿತ್ತು. ಸೋತಿದ್ದ ಸವದಿಯವರು ಯಾವ ಸದನದ ಸದಸ್ಯರೂ ಅಲ್ಲದೆ ಮಂತ್ರಿಯಾದರು, ಉಪಮುಖ್ಯಮಂತ್ರಿಯೂ ಆದರು. ಆರು ತಿಂಗಳೊಳಗೆ ಸದಸ್ಯರಾದರೆ ಸಾಕು ಎಂದು ಸಂವಿಧಾನದ 164ನೇ ವಿಧಿ ಹೇಳುತ್ತದೆ. 2020ರ ಫೆಬ್ರವರಿಯಲ್ಲಿ ಅವರು ವಿಧಾನ ಪರಿಷತ್ತಿಗೆ ಆಯ್ಕೆಯಾದರು. ಅಥಣಿ ಜನ ಆರಿಸಿದವರು ಅನರ್ಹರಾಗಿದ್ದರು, ಅಥಣಿ ಜನ ಸೋಲಿಸಿದವರು ಉಪಮುಖ್ಯಮಂತ್ರಿಯಾಗಿದ್ದರು. ಕಾನೂನಿನ ಪ್ರಕಾರ ಎಲ್ಲವೂ ಸರಿ. ಮತ ಹಾಕಿದವನ ಲೆಕ್ಕದಲ್ಲಿ ಯಾವುದೂ ಸರಿಯಲ್ಲ.

ಅಕ್ಟೋಬರಿನಲ್ಲಿ ಮೂರು ದಿನದ ಅಧಿವೇಶನ ಬೆಂಗಳೂರಿನಲ್ಲಿ ನಡೆಯಿತು. ನೆರೆಯ ಚರ್ಚೆ ಬಂತು. ನೆರೆಯಲ್ಲಿ ಮುಳುಗಿದ ಅಥಣಿ, ಕಾಗವಾಡ, ಗೋಕಾಕದ ಪರವಾಗಿ ಮಾತಾಡಲು ಅಲ್ಲಿನ ಸ್ವಂತ ಶಾಸಕರಿರಲಿಲ್ಲ. ಅಕ್ಟೋಬರ್ 21ಕ್ಕೆ ಗೊತ್ತಾಗಿದ್ದ ಉಪಚುನಾವಣೆಯೂ ಮುಂದಕ್ಕೆ ಹೋಯಿತು. ಕಾರಣ, ಅನರ್ಹರಾದವರು ಮತ್ತೆ ಸ್ಪರ್ಧಿಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿತ್ತು. ಅವರ ಸ್ಪರ್ಧೆಯ ಹಕ್ಕು ತೀರ್ಮಾನವಾಗುವತನಕ ನಮ್ಮ ಪ್ರಾತಿನಿಧ್ಯದ ಹಕ್ಕು ಕಾಯುತ್ತ ಕುಳಿತಿತು. ಇದು ನನಗೆ ಇವತ್ತಿಗೂ ನುಂಗಲಾಗದ ಮಾತು.

ನವೆಂಬರ್ 13ರಂದು ತೀರ್ಪು ಬಂತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅನರ್ಹತೆಯಿಂದ ತಪ್ಪಿಸಿಕೊಳ್ಳಲಾಗದು, ಅನರ್ಹತೆ ಸರಿಯೇ ಎಂದಿತು ಕೋರ್ಟು. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು ಎಂದು ತಡೆಯುವ ಅಧಿಕಾರ ಸ್ಪೀಕರಿಗಿಲ್ಲ ಎಂದೂ ಹೇಳಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಮತದಾನವಾಯಿತು. ಬಿಜೆಪಿ 12 ಗೆದ್ದಿತು. ಈಗ ಬಿಜೆಪಿ ಅಭ್ಯರ್ಥಿಯಾಗಿದ್ದ ಕುಮಠಳ್ಳಿ ಅಥಣಿಯಲ್ಲಿ ಸುಮಾರು 40 ಸಾವಿರ ಮತಗಳಿಂದ ಗೆದ್ದರು. ಕಾಗವಾಡದಲ್ಲಿ ಶ್ರೀಮಂತ ಪಾಟೀಲರು ಗೆದ್ದು ಮುಂದೆ ಮಂತ್ರಿಯೂ ಆದರು.

ಪಕ್ಷ ಬಿಟ್ಟವರನ್ನೇ ಮತ್ತೆ ಯಾಕೆ ಗೆಲ್ಲಿಸಿದಿರಿ ಎಂದು ಇಲ್ಲಿ ದೊಡ್ಡವರನ್ನು ಕೇಳಿದರೆ ಒಂದೇ ಉತ್ತರ: "ಸರ್ಕಾರ ಇದ್ದವರ ಕಡೆ ಇರಬೇಕಪಾ, ಇಲ್ಲಂದ್ರ ಕೆಲಸ ಆಗೂದಿಲ್ಲ." ನೆರೆ ಪರಿಹಾರದ ಎರಡನೇ ಕಂತು ಬರಬೇಕಿದ್ದವರು ಬೇರೆ ಹೇಗೆ ಯೋಚಿಸಬೇಕಿತ್ತು? ನಾನು ಅವರನ್ನು ದೂರುವುದಿಲ್ಲ. ಅವರ ಅಸಹಾಯಕತೆಯನ್ನು ಜನರ ತೀರ್ಪು ಎಂದು ಕರೆದವರನ್ನು ದೂರುತ್ತೇನೆ.

ಮುಂದಿನದು ಇನ್ನೂ ವಿಚಿತ್ರ. 2023ರ ಏಪ್ರಿಲಿನಲ್ಲಿ ಬಿಜೆಪಿ ಟಿಕೆಟ್ ಸಿಗದ ಸವದಿಯವರು ಕಾಂಗ್ರೆಸ್ ಸೇರಿದರು. ಅಥಣಿಯಲ್ಲಿ ಮತ್ತೆ ಅದೇ ಇಬ್ಬರು ಎದುರುಬದುರು, 2018ರ ಚಿಹ್ನೆಗಳು ಮಾತ್ರ ಅದಲುಬದಲು. ಸವದಿ 76 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಪಕ್ಕದ ಕಾಗವಾಡದಲ್ಲೂ ಹಾಗೆಯೇ: ಉಪಚುನಾವಣೆಯ ಹೊತ್ತಿಗೇ ಕಾಂಗ್ರೆಸ್ಸಿಗೆ ಬಂದಿದ್ದ ರಾಜು ಕಾಗೆ ಮತ್ತು ಬಿಜೆಪಿಯ ಶ್ರೀಮಂತ ಪಾಟೀಲ. ಈ ಸಲ ಕಾಗೆ ಗೆದ್ದರು. ಅಕ್ಕಪಕ್ಕದ ಎರಡು ಕ್ಷೇತ್ರ, ನಾಲ್ವರು ನಾಯಕರು, ಐದು ವರ್ಷದೊಳಗೆ ನಾಲ್ವರೂ ಪಕ್ಷ ಬದಲಿಸಿದ್ದರು. ನನ್ನ ಮೊದಲ ಮತ ಬಿದ್ದದ್ದು ಆ 2023ರ ಮೇ 10ರಂದು. ಮತಯಂತ್ರದ ಮುಂದೆ ನಿಂತಾಗ, ನಾನು ಆರಿಸುತ್ತಿರುವುದು ಒಂದು ವಿಚಾರವನ್ನೋ ಒಬ್ಬ ಮನುಷ್ಯನನ್ನೋ ಎಂಬುದು ನನಗೆ ಸ್ಪಷ್ಟವಿರಲಿಲ್ಲ. ಬಹುಶಃ ಆ ಸಾಲಿನಲ್ಲಿ ನಿಂತಿದ್ದ ಯಾರಿಗೂ ಇರಲಿಲ್ಲ.

ಇದು ಈಚಿನ ಕಾಯಿಲೆ ಎಂದು ಹೇಳುವಂತಿಲ್ಲ. ಚಿಕ್ಕೋಡಿ ಲೋಕಸಭಾ ಕ್ಷೇತ್ರದ ಚರಿತ್ರೆ ನೋಡಿ. 1967ರಿಂದ 1991ರವರೆಗೆ ಏಳು ಸಲ ಒಬ್ಬರೇ, ಕಾಂಗ್ರೆಸ್ಸಿನ ಬಿ. ಶಂಕರಾನಂದ. 1996ರಲ್ಲಿ ಅವರನ್ನು ಸೋಲಿಸಿದವರು ಜನತಾದಳದ ರತ್ನಮಾಲಾ ಸವಣೂರ. ಆಮೇಲೆ ರಮೇಶ ಜಿಗಜಿಣಗಿ ಮೂರು ಸಲ ಗೆದ್ದರು: 1998ರಲ್ಲಿ ಲೋಕಶಕ್ತಿಯಿಂದ, 1999ರಲ್ಲಿ ಸಂಯುಕ್ತ ಜನತಾದಳದಿಂದ, 2004ರಲ್ಲಿ ಬಿಜೆಪಿಯಿಂದ. ಮನುಷ್ಯ ಒಬ್ಬರೇ, ಪಕ್ಷ ಮೂರು. 2008ರ ಪುನರ್ವಿಂಗಡಣೆಯಲ್ಲಿ ಮೀಸಲು ಹೋಗಿ ಸಾಮಾನ್ಯ ಕ್ಷೇತ್ರವಾದ ಮೇಲೆ ಕತ್ತಿ, ಹುಕ್ಕೇರಿ, ಜೊಲ್ಲೆ, ಜಾರಕಿಹೊಳಿ ಎಂಬ ನಾಲ್ಕು ಮನೆತನಗಳ ನಡುವೆಯೇ ಕ್ಷೇತ್ರ ಸುತ್ತುತ್ತಿದೆ. 2009ರಲ್ಲಿ ರಮೇಶ ಕತ್ತಿ, 2014ರಲ್ಲಿ ಬರೀ 3,003 ಮತಗಳಿಂದ ಪ್ರಕಾಶ ಹುಕ್ಕೇರಿ, 2019ರಲ್ಲಿ ಲಕ್ಷ ದಾಟಿದ ಅಂತರದಿಂದ ಅಣ್ಣಾಸಾಹೇಬ ಜೊಲ್ಲೆ, 2024ರಲ್ಲಿ 90,834 ಮತಗಳಿಂದ ಪ್ರಿಯಾಂಕಾ ಜಾರಕಿಹೊಳಿ. ಸೋತ ಮನೆತನ ಮನೆಗೆ ಹೋಗುವುದಿಲ್ಲ. ಪತ್ನಿ ಶಾಸಕಿಯಾಗಿರುತ್ತಾರೆ, ಮಗ ಶಾಸಕನಾಗಿರುತ್ತಾನೆ, ತಮ್ಮ ಇನ್ನೊಂದು ಪಕ್ಷದಲ್ಲಿರುತ್ತಾನೆ.

ವಿಧಾನಸಭೆಯಲ್ಲಿ ಎದುರಾಳಿಗಳಾದವರು ಸಹಕಾರಿ ರಂಗದಲ್ಲಿ ಜೊತೆಗಿರುತ್ತಾರೆ. 2025ರ ಅಕ್ಟೋಬರಿನಲ್ಲಿ ಬೆಳಗಾವಿ ಡಿಸಿಸಿ ಬ್ಯಾಂಕಿನ ಚುನಾವಣೆ ನಡೆದಾಗ ಬಣಗಳು ಪಕ್ಷದ ಗೆರೆ ಹಿಡಿದು ನಿಲ್ಲಲಿಲ್ಲ, ಮನೆತನದ ಗೆರೆ ಹಿಡಿದು ನಿಂತವು. ಕೊನೆಗೆ ಬಿಜೆಪಿಯ ಮಾಜಿ ಸಂಸದ ಜೊಲ್ಲೆ ಅಧ್ಯಕ್ಷರಾದರು, ಕಾಂಗ್ರೆಸ್ ಶಾಸಕ ಕಾಗೆ ಉಪಾಧ್ಯಕ್ಷರಾದರು. ಸಹಕಾರಿ ಸಂಸ್ಥೆಯಲ್ಲಿ ಪಕ್ಷ ಬೇಡ ಎಂಬುದು ಒಪ್ಪತಕ್ಕ ಮಾತೇ. ಆದರೆ ಬೂತಿನಲ್ಲಿ ಇದೇ ಪಕ್ಷಗಳ ಹೆಸರಿನಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಾನು ಊರಲ್ಲಿ ಕಂಡಿದ್ದೇನೆ. ಮೇಲಿನವರು ಕೈಕುಲುಕಿದ ದಿನ ಕೆಳಗಿನವರ ಜಗಳ ಮುಗಿಯುವುದಿಲ್ಲ.

ಜನ ಯಾಕೆ ಮನೆತನಗಳನ್ನು ಬಿಟ್ಟು ಆಚೆ ನೋಡುವುದಿಲ್ಲ? ಬೆಂಗಳೂರಿನಲ್ಲಿ ಕುಳಿತವರು ಇದಕ್ಕೆ ಜಾತಿ ಎನ್ನುತ್ತಾರೆ, ಹಣ ಎನ್ನುತ್ತಾರೆ. ಅವೆರಡೂ ಇವೆ. ಆದರೆ ಕಬ್ಬು ಬೆಳೆಯುವವನ ಮನೆಯಲ್ಲಿ ಹುಟ್ಟಿದವನಿಗೆ ಇನ್ನೊಂದು ಕಾಣುತ್ತದೆ. ಚಿಕ್ಕೋಡಿಯಿಂದ ಅಥಣಿವರೆಗೆ ನಮ್ಮ ಬಹುತೇಕ ನಾಯಕರಿಗೆ ಸಕ್ಕರೆ ಕಾರ್ಖಾನೆಯದೋ ಸಹಕಾರಿ ಸಂಘದ್ದೋ ಬ್ಯಾಂಕಿನದೋ ನಂಟಿದೆ. ಕಬ್ಬು ಹನ್ನೆರಡು ತಿಂಗಳಿಗೆ ಕಟಾವಾಗಬೇಕು. ಕಬ್ಬು ಕಡಿಯುವ ಆಳುಗಳ ಟೋಳಿ ಬರುವುದು ತಡವಾಗಿ, ಹದಿನಾಲ್ಕು ಹದಿನೈದು ತಿಂಗಳು ಹೊಲದಲ್ಲೇ ನಿಂತರೆ ಗರಿ ಒಣಗುತ್ತದೆ, ತೂಕ ಇಳಿಯುತ್ತದೆ, ಹಿಂದಿನ ಬೆಳೆಸಾಲದ ಬಡ್ಡಿ ಏರುತ್ತದೆ. ಯಾರ ಹೊಲಕ್ಕೆ ಟೋಳಿ ಯಾವಾಗ ಬರಬೇಕು ಎಂದು ಹೇಳುವ ಕೈ ಮತ್ತು ಮತ ಕೇಳುವ ಕೈ ಒಂದೇ ಆಗಿಬಿಟ್ಟರೆ, ಇಲ್ಲವೆ ಒಂದೇ ಎಂಬ ಅಂಜಿಕೆ ರೈತನಿಗಿದ್ದರೆ, ಅವನ ಮತ ಎಷ್ಟರ ಮಟ್ಟಿಗೆ ಅವನದು? ನಮ್ಮ ಮನೆಯಲ್ಲೇ ಚುನಾವಣೆ ಹತ್ತಿರ ಬಂದಾಗ ಅಪ್ಪ ಹೇಳುವ ಮಾತಿದು: "ಯಾರನ್ನೂ ಎದುರ ಹಾಕೋಬ್ಯಾಡ, ಹೊಲದಾಗ ಕಬ್ಬ ಐತಿ."

ಮತ ಗುಪ್ತವಲ್ಲವೆ ಎಂದು ಕೇಳಬಹುದು. ವ್ಯಕ್ತಿಯ ಮತ ಗುಪ್ತ, ಓಣಿಯ ಮತ ಗುಪ್ತವಲ್ಲ. ಒಂದು ಮತಗಟ್ಟೆಗೆ ಸಾವಿರದ ಆಸುಪಾಸು ಮತದಾರರು. ಎಣಿಕೆ ಮತಗಟ್ಟೆವಾರು ನಡೆಯುತ್ತದೆ, ಮತಗಟ್ಟೆವಾರು ಅಂಕಿಗಳು ಫಾರ್ಮ್ 20 ಎಂಬ ದಾಖಲೆಯಲ್ಲಿ ಎಲ್ಲರಿಗೂ ಸಿಗುತ್ತವೆ. ಫಲಿತಾಂಶದ ಸಂಜೆ ಗುಡಿಯ ಕಟ್ಟೆಯ ಮೇಲೆ ಏಜೆಂಟರ ಕೈಯಲ್ಲಿ ಆ ಅಂಕಿಗಳ ಚೀಟಿ ಇರುತ್ತದೆ. ಇಂಥ ನಂಬರಿನ ಮತಗಟ್ಟೆ, ಇಂಥ ಓಣಿ, ಇಂಥ ಸಮಾಜದವರು, ನಮಗೆ ಬಂದದ್ದು ಇಷ್ಟು. ಯಾರು ಕೈಕೊಟ್ಟರು ಎಂದು ಬೆರಳು ಮಡಚಿ ಲೆಕ್ಕ ಹಾಕುತ್ತಾರೆ. ಆ ಸಂಜೆ ಸುಮ್ಮನೆ ಎದ್ದು ಮನೆಗೆ ಹೋಗುವ ದುರ್ಬಲರ ಮುಖ ನೋಡಿದವರಿಗೆ ಗುಪ್ತ ಮತದಾನದ ಪಾಠ ಬೇಕಿಲ್ಲ.

ಇದಕ್ಕೆ ಪರಿಹಾರ ಇದೆ, ಬಹಳ ಹಿಂದೆಯೇ ಸಿದ್ಧವಾಗಿದೆ. ಟೋಟಲೈಸರ್ ಎಂಬ ಉಪಕರಣಕ್ಕೆ ಹದಿನಾಲ್ಕು ಮತಯಂತ್ರಗಳನ್ನು ಒಟ್ಟಿಗೆ ಜೋಡಿಸಿದರೆ ಎಲ್ಲದರ ಮೊತ್ತ ಮಾತ್ರ ತೋರಿಸುತ್ತದೆ. ಯಾವ ಮತಗಟ್ಟೆಯಲ್ಲಿ ಯಾರಿಗೆಷ್ಟು ಎಂದು ತಿಳಿಯುವುದಿಲ್ಲ. ಚುನಾವಣಾ ಆಯೋಗ 2008ರಲ್ಲೇ ಇದನ್ನು ಕೇಂದ್ರದ ಮುಂದಿಟ್ಟಿತ್ತು. ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಬೆಂಬಲಿಸಿತು. ಮತಪತ್ರವಿದ್ದ ಕಾಲದಲ್ಲಿ ಬೇರೆ ಬೇರೆ ಪೆಟ್ಟಿಗೆಗಳ ಚೀಟಿ ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವೂ ಇತ್ತು. ಯಂತ್ರ ಬಂದ ಮೇಲೆ ಆ ಮುಸುಕು ಹೋಯಿತು. ನಮ್ಮ ಭಾಗದಿಂದ ದಿಲ್ಲಿಗೆ ಹೋದವರಲ್ಲಿ ಒಬ್ಬರಾದರೂ ಇದನ್ನು ಪಟ್ಟು ಹಿಡಿದು ಕೇಳಬೇಕು. ರಸ್ತೆ, ರೈಲಿಗಿಂತ ಇದು ಚಿಕ್ಕ ಬೇಡಿಕೆಯಲ್ಲ.

ಹಾಗೆಂದು ಇಲ್ಲಿನ ಜನ ಅಂಜುಬುರುಕರು ಎಂದು ತಿಳಿಯಬಾರದು. ನಿಪ್ಪಾಣಿಯ ತಂಬಾಕು ಬೆಳೆಗಾರರು 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ಹೆದ್ದಾರಿಯ ಮೇಲೆ ಕುಳಿತು ಹೋರಾಡಿದರು, ಏಪ್ರಿಲಿನಲ್ಲಿ ಪೊಲೀಸರ ಗುಂಡಿಗೆ ರೈತರು ಪ್ರಾಣ ಕೊಟ್ಟರು. ಕನ್ನಡ-ಮರಾಠಿ ಎನ್ನದೆ ಬೆಲೆಗಾಗಿ ಒಂದಾದ ಊರದು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಗಿಳಿದಾಗ ಅಥಣಿ, ಚಿಕ್ಕೋಡಿ, ರಾಯಬಾಗ, ಹುಕ್ಕೇರಿಯ ರೈತರೂ ಎದ್ದರು. ಕೇಳಿದ್ದು ಟನ್ನಿಗೆ 3,500 ರೂಪಾಯಿ; ಸಿಕ್ಕಿದ್ದು 3,300. ಪೂರ್ತಿ ಗೆಲುವಲ್ಲ, ಆದರೆ ಪಕ್ಷದ ಬಾವುಟ ಕೆಳಗಿಟ್ಟು ಹಸಿರು ಶಾಲು ಹೊದ್ದಾಗ ಮುಖ್ಯಮಂತ್ರಿಯೇ ಸಭೆ ಕರೆಯಬೇಕಾಯಿತು. ರಸ್ತೆಯ ಮೇಲೆ ಇಷ್ಟು ಗಟ್ಟಿಯಾಗಿ ಕೇಳುವ ಜನ ಮತಗಟ್ಟೆಯಲ್ಲಿ ಯಾಕೆ ಮೆತ್ತಗಾಗಬೇಕು?

ನಿಪ್ಪಾಣಿಯ ವಿಷಯಕ್ಕೆ ಬಂದಾಗ ಗಡಿಯ ಮಾತು ಬಂದೇ ಬರುತ್ತದೆ. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಕೊಡಬೇಕೆಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2023ರಲ್ಲಿ ನಿಪ್ಪಾಣಿಯಲ್ಲಿ ಎನ್‌ಸಿಪಿಯ ಉತ್ತಮ ಪಾಟೀಲ 66 ಸಾವಿರ ಮತ ಪಡೆದು ಎರಡನೆಯವರಾದರು, ಶಶಿಕಲಾ ಜೊಲ್ಲೆಯವರು ಸುಮಾರು ಏಳು ಸಾವಿರದಿಂದ ಗೆದ್ದರು. ಅದನ್ನು ಭಾಷೆಯ ಮತ ಎಂದು ಓದಿದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ನಮ್ಮ ಹುಡುಗರು ಬೆಳಿಗ್ಗೆ ಕಾಗಲ್ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ, ಇಚಲಕರಂಜಿಗೆ, ಮಿರಜಕ್ಕೆ ದುಡಿಯಲು ಹೋಗಿ ರಾತ್ರಿ ಬರುತ್ತಾರೆ. ಆಸ್ಪತ್ರೆಗೆ ಸಾಂಗಲಿ, ಬೀಗತನಕ್ಕೆ ಕೊಲ್ಲಾಪುರ. ಕಾರದಗಾ-ಭೋಜ, ಅಕ್ಕೋಳ-ಸಿದ್ನಾಳ, ಕಲ್ಲೋಳ-ಯಡೂರ ನಡುವಿನ ಕೆಳಮಟ್ಟದ ಸೇತುವೆಗಳು ಪ್ರತಿ ಮಳೆಗಾಲ ಮುಳುಗುವಾಗ ಮರಾಠಿ ಮನೆಯ ಹುಡುಗಿಗೂ ಕನ್ನಡ ಮನೆಯ ಹುಡುಗಿಗೂ ಕಾಲೇಜು ತಪ್ಪುತ್ತದೆ. ಗಡಿಯ ಮಾತು ಎದ್ದಾಗಲೆಲ್ಲ ಈ ಸೇತುವೆಗಳ ಮಾತು ಅಡಗುತ್ತದೆ. ಕೊಯ್ನಾ ನೀರು ಯಾವಾಗ ಬಿಡುತ್ತಾರೆ, ನಮ್ಮ ಹಿಪ್ಪರಗಿ ಬ್ಯಾರೇಜಿನ ಗೇಟು ಯಾವಾಗ ತೆಗೆಯುತ್ತಾರೆ ಎಂಬುದರಲ್ಲಿ ಎರಡು ರಾಜ್ಯಗಳ ಎಂಜಿನಿಯರುಗಳು ಮಾತಾಡಿಕೊಂಡರೆ ಬದುಕುವವರು ಎರಡೂ ಭಾಷೆಯವರು.

ಇನ್ನು ಯುವಕರ ಮಾತು. 2024ರಲ್ಲಿ ಗೆದ್ದಾಗ ಪ್ರಿಯಾಂಕಾ ಜಾರಕಿಹೊಳಿಯವರಿಗೆ 27 ವರ್ಷ. ಪರಿಶಿಷ್ಟ ಪಂಗಡದ ಯುವತಿಯೊಬ್ಬರು ಸಾಮಾನ್ಯ ಕ್ಷೇತ್ರದಿಂದ ಗೆದ್ದದ್ದು ಸಣ್ಣ ಸಂಗತಿಯಲ್ಲ. ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಅವರು ಸಚಿವ ಸತೀಶ ಜಾರಕಿಹೊಳಿಯವರ ಮಗಳಾಗಿರದಿದ್ದರೆ ಆ ವಯಸ್ಸಿಗೆ ಟಿಕೆಟ್ ಸಿಗುತ್ತಿತ್ತೇ? ಅದೇ ವರ್ಷ ಪಕ್ಕದ ಬೆಳಗಾವಿಯಲ್ಲೂ ಕಾಂಗ್ರೆಸ್ ಟಿಕೆಟ್ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರ ಮಗನಿಗೇ ಹೋಯಿತು. ಬಿಜೆಪಿ ಬೇರೆ ಎಂದು ಹೇಳುವಂತಿಲ್ಲ: ಹುಕ್ಕೇರಿಯಲ್ಲಿ ಉಮೇಶ ಕತ್ತಿಯವರ ನಂತರ 2023ರಲ್ಲಿ ಅವರ ಮಗ ನಿಖಿಲ್.

ಮನೆತನದ ಹೊರಗಿನ ಹುಡುಗ-ಹುಡುಗಿ ಮೇಲೆ ಬರಲು ಒಂದು ಮೆಟ್ಟಿಲಿತ್ತು, ತಾಲ್ಲೂಕು ಪಂಚಾಯಿತಿ ಮತ್ತು ಜಿಲ್ಲಾ ಪಂಚಾಯಿತಿ. ಅಲ್ಲಿ ಸ್ಪರ್ಧಿಸಲು 21 ವರ್ಷ ಸಾಕು, ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಒಂದು ಜಿಲ್ಲಾ ಪಂಚಾಯಿತಿ ಕ್ಷೇತ್ರವೆಂದರೆ ಕೆಲವು ಊರು, ಮೋಟಾರ್ ಸೈಕಲ್ ಮೇಲೆ ಓಡಾಡಿ ಪ್ರಚಾರ ಮಾಡಬಹುದಾದಷ್ಟು. ಅದಕ್ಕೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಬೆಳಗಾವಿ ಜಿಲ್ಲಾ ಪಂಚಾಯಿತಿಗೆ ಆಗ 90 ಸದಸ್ಯರು. 2021ಕ್ಕೆ ಅವಧಿ ಮುಗಿಯಿತು. ಸಂವಿಧಾನದ 243-ಇ ವಿಧಿ ಐದು ವರ್ಷಕ್ಕೆ ಒಂದು ದಿನವೂ ಹೆಚ್ಚಿಲ್ಲ, ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎನ್ನುತ್ತದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ಬಿಜೆಪಿ ಸರ್ಕಾರ ಮುಂದೂಡಿತು, ಕಾಂಗ್ರೆಸ್ ಸರ್ಕಾರವೂ ವರ್ಷಗಟ್ಟಲೆ ಮುಂದೂಡಿತು. ಎರಡು ಪಕ್ಷಗಳು ಇಷ್ಟು ಒಮ್ಮತದಿಂದ ನಡೆದುಕೊಂಡ ವಿಷಯ ಇನ್ನೊಂದಿಲ್ಲ. ನನ್ನ ವಾರಿಗೆಯವರು ಶಾಸಕನಿಗೆ ಮತ ಹಾಕಿದ್ದಾರೆ, ಸಂಸದರಿಗೆ ಹಾಕಿದ್ದಾರೆ. ಜಿಲ್ಲಾ ಪಂಚಾಯಿತಿ ಸದಸ್ಯನಿಗೆ ಹಾಕುವ ಅವಕಾಶ ಸಿಗದೆಯೇ ಇಪ್ಪತ್ತು ದಾಟಿದ್ದಾರೆ. ಮೆಟ್ಟಿಲು ಕಿತ್ತ ಮೇಲೆ ಮಾಳಿಗೆಯ ಮೇಲೆ ಮೊದಲೇ ಇದ್ದವರ ಮಕ್ಕಳಷ್ಟೇ ಉಳಿಯುತ್ತಾರೆ.

ಅಥಣಿಯಿಂದ ಬೆಳಗಾವಿಯ ಜಿಲ್ಲಾಧಿಕಾರಿ ಕಚೇರಿ ನೂರಿಪ್ಪತ್ತು ಕಿಲೊಮೀಟರಿಗೂ ಹೆಚ್ಚು ದೂರ. ಚಿಕ್ಕೋಡಿ ಜಿಲ್ಲೆಯಾಗಬೇಕೆಂಬ ಕೂಗು ನಾನು ಹುಟ್ಟುವ ಮೊದಲಿನದು, 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಘೋಷಿಸಿ ಹಿಂದೆ ತೆಗೆದುಕೊಂಡಿತು. ಜಿಲ್ಲೆ ಆಗುವತನಕವಾದರೂ ನಮ್ಮ ಊರಿನ ಮಾತನ್ನು ಆ ದೂರದ ಕಟ್ಟಡಕ್ಕೆ ಒಯ್ಯುವ ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯ ಬೇಡವೇ?

ಮನೆತನದ ಆಚೆ ದಾರಿಯೇ ಇಲ್ಲ ಎಂದು ಕೈಚೆಲ್ಲುವವರು 2023ರ ರಾಯಬಾಗ ನೋಡಬೇಕು. ನಿವೃತ್ತ ಐಎಎಸ್ ಅಧಿಕಾರಿ ಶಂಭು ಕಲ್ಲೋಳಿಕರ ಪಕ್ಷೇತರರಾಗಿ ನಿಂತು ಬಿಜೆಪಿಯ ದುರ್ಯೋಧನ ಐಹೊಳೆಯವರ ಎದುರು ಮೂರು ಸಾವಿರದೊಳಗಿನ ಅಂತರದಲ್ಲಿ ಸೋತರು. ಕಾಂಗ್ರೆಸ್ ಮೂರನೆಯ ಸ್ಥಾನಕ್ಕೆ ಹೋಯಿತು. ಪಕ್ಷವಿಲ್ಲದವನಿಗೂ ಐವತ್ತು ಸಾವಿರದ ಮೇಲೆ ಮತ ಕೊಟ್ಟ ಜನ ನಮ್ಮ ನಡುವೆಯೇ ಇದ್ದಾರೆ.

ಮತ್ತೆ ಆ ಖಾಲಿ ಕುರ್ಚಿಯ ಮಾತಿಗೆ ಬರೋಣ. ಪಕ್ಷಾಂತರ ನಿಷೇಧ ಕಾನೂನು 1985ರದು. 2003ರಲ್ಲಿ ಬಿಗಿ ಮಾಡಿದರು: ಮೂರನೇ ಒಂದು ಭಾಗ ಒಡೆದು ಹೋದರೆ ಇದ್ದ ರಿಯಾಯಿತಿ ತೆಗೆದರು. ಒಡೆಯುವ ದಾರಿ ಮುಚ್ಚಿದಾಗ ರಾಜೀನಾಮೆಯ ದಾರಿ ಹುಡುಕಿದರು. ಈಗಿನ ಕಾನೂನಿನಲ್ಲಿ ಅನರ್ಹನಾದವ ಮತ್ತೆ ಗೆಲ್ಲುವವರೆಗೆ ಮಂತ್ರಿಯಾಗುವಂತಿಲ್ಲ, ಸರ್ಕಾರಿ ಸಂಬಳದ ರಾಜಕೀಯ ಹುದ್ದೆಯಲ್ಲಿ ಕೂರುವಂತಿಲ್ಲ, ಅಷ್ಟೆ. ತಾನೇ ಖಾಲಿ ಮಾಡಿದ ಸ್ಥಾನಕ್ಕೆ ತಾನೇ ನಿಲ್ಲಬಹುದು. ಅದನ್ನು ನಿಲ್ಲಿಸಬೇಕು. ಅನರ್ಹನಾದವನು ಆ ಸದನದ ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಎಂದು ಸಂಸತ್ತು ಬರೆಯಬೇಕು. ಸ್ವಂತ ಆತ್ಮಸಾಕ್ಷಿಗಾಗಿ ಪಕ್ಷ ಬಿಡುವವರಿಗೆ ಇದರಿಂದ ಅನ್ಯಾಯವಾಗುತ್ತದೆ ಎನ್ನುವವರಿದ್ದಾರೆ. ಆತ್ಮಸಾಕ್ಷಿಗಾಗಿ ಬಿಡುವವರು ಮುಂದಿನ ಚುನಾವಣೆವರೆಗೆ ಕಾಯುವ ಸಹನೆಯನ್ನೂ ಇಟ್ಟುಕೊಂಡಿರುತ್ತಾರೆಂದು ನನ್ನ ನಂಬಿಕೆ. ತೆರವಾದ ಸ್ಥಾನಕ್ಕೆ ಆರು ತಿಂಗಳೊಳಗೆ ಚುನಾವಣೆ ಎಂಬ ಈಗಿನ ನಿಯಮವೂ ಸಾಲದು. ಹೊಳಿ ಆರು ತಿಂಗಳು ಕಾಯುವುದಿಲ್ಲ.

ಕಾನೂನು ಬದಲಾಗುವತನಕ ನಾವು ಮಾಡಬಹುದಾದದ್ದು ಇದೆ. ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ. ಮತ ಕೇಳಲು ಊರಿಗೆ ಬಂದವರ ಮುಂದೆ, ಗುಡಿಯ ಕಟ್ಟೆಯ ಮೇಲೆ, ಹತ್ತು ಜನ ಯುವಕರು ನಿಂತು ಗೌರವದಿಂದಲೇ ಕೇಳೋಣ: "ಅಣ್ಣಾರ, ಐದ ವರ್ಷ ಮುಗಿಯೂತನಕ ಈ ಕುರ್ಚಿ ಖಾಲಿ ಮಾಡೂದಿಲ್ಲಂತ ಬರದ ಕೊಡ್ರಿ." ಎಲ್ಲ ಪಕ್ಷದವರಿಗೂ ಇದೇ ಪ್ರಶ್ನೆ. ಬರೆದುಕೊಟ್ಟ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲದಿರಬಹುದು. ಮುಂದಿನ ಸಲ ಅದೇ ಕಟ್ಟೆಗೆ ಬಂದಾಗ ಅದಕ್ಕೆ ಬೆಲೆ ಇರುತ್ತದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ನಡೆಸುತ್ತೀರಾ ಎಂದೂ ಕೇಳೋಣ. ಕೇಳಲು ಮೊದಲು ಪಟ್ಟಿಯಲ್ಲಿ ಹೆಸರಿರಬೇಕು. ಹದಿನೆಂಟು ತುಂಬುವುದಕ್ಕೆ ಜನವರಿ 1 ಮಾತ್ರ ಲೆಕ್ಕ ಎಂಬುದು ಹಳೆಯ ಮಾತಾಯಿತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳು ನಾಲ್ಕೂ ಲೆಕ್ಕಕ್ಕೆ ಬರುತ್ತವೆ. ಹದಿನೇಳು ದಾಟಿದವರು ಮುಂಚಿತವಾಗಿಯೇ ಫಾರ್ಮ್ 6 ತುಂಬಬಹುದು. ಮಿರಜ, ಕೊಲ್ಲಾಪುರ, ಪುಣೆಯಲ್ಲಿ ದುಡಿಯುವ ಗೆಳೆಯರು ಊರಿನ ಪಟ್ಟಿಯಲ್ಲಿ ಹೆಸರು ಉಳಿದಿದೆಯೇ ಎಂದು ಈಗಲೇ ನೋಡಿಕೊಳ್ಳಲಿ. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 135-ಬಿ ಕಲಮು ಹೇಳುತ್ತದೆ. ಮಾಲೀಕರನ್ನು ಕೇಳಿ ಪಡೆಯಿರಿ, ಊರಿಗೆ ಬನ್ನಿ.